ರಗ್ಗು ಬ್ಯಾಂಡಿನ ಜೊತೆ

ಮೊನ್ನೆ ಕನ್ನಡಕದ ಡಬ್ಬಿ ತೆರೆದಾಗ ಕಿತ್ತಳೆ ಬಣ್ಣದ ಎರಡು ಮೆತ್ತನೆಯ ತುಂಡುಗಳು ಉರುಳಿ ನೆಲಕ್ಕೆ ಬಿದ್ದವು. ಸೊಸೆ ಎತ್ತಿಕೊಟ್ಟು, "ಅತ್ತೆ, ಇದು ಊಟಕ್ಕೆ ಮುಂಚೇನಾ, ಆಮೇಲಾ?" ಎಂದು ಕೇಳಿದಳು. ಮಾತ್ರೆ ಎಂದುಕೊಂಡಿದ್ದಳು.

"ನುಂಗೋದಲ್ಲ ಕಣೇ. ಮನೇಲಿ ಮಾತು ಜಾಸ್ತಿ ಆದಾಗ ಕಿವಿಗೆ ಇಟ್ಕೊಳ್ಳೋದು" ಎಂದೆ. ಮುಖ ಊದಿಸಿಕೊಂಡು ಒಳಗೆ ಹೋದಳು. ನಾನು ಸುಳ್ಳು ಹೇಳಿರಲಿಲ್ಲ. ಅವು ಕಿವಿಗೆ ಹಾಕಿಕೊಳ್ಳುವ ಬಿರಡೆಗಳೇ. ಬೆರಳಲ್ಲಿ ಹೊಸೆದು ಸಣ್ಣದು ಮಾಡಿ ಕಿವಿಯೊಳಗೆ ತೂರಿಸಿದರೆ ಒಳಗೆ ಹೋಗಿ ಊದಿಕೊಳ್ಳುತ್ತವೆ. ಆಮೇಲೆ ಲೋಕ ದೂರ ಹೋಗುತ್ತದೆ.

ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲೇ ಹುಟ್ಟಿದವಳು ನಾನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿ ಕಂಡಿಕೆ ಸುತ್ತಲು ಕೂರಿಸಿದರು. ಲಾಳಿಯೊಳಗೆ ನೂಲು ಸುತ್ತಿದ ಕಡ್ಡಿ ಇರುತ್ತದಲ್ಲ, ಅದು ಕಂಡಿಕೆ. ಮದುವೆಯಾಗಿ ಹೋದದ್ದೂ ಮಗ್ಗದ ಮನೆಗೇ. ಕೈಮಗ್ಗ ಹೋಗಿ ಕರೆಂಟಿನ ಮಗ್ಗ ಬಂತು, ಒಂದಿದ್ದದ್ದು ಎರಡಾಯಿತು. ಅಷ್ಟು ವರ್ಷದಲ್ಲಿ "ಕಿವಿಗೆ ಏನಾದರೂ ಇಟ್ಟುಕೊಳ್ಳಿ" ಎಂದು ಒಬ್ಬರೂ ಹೇಳಲಿಲ್ಲ. ಎಪ್ಪತ್ತೊಂದನೇ ವಯಸ್ಸಿನಲ್ಲಿ, ಕೇಳಿಸಬೇಕಾದದ್ದರಲ್ಲಿ ಅರ್ಧ ಕೇಳಿಸದೆ ಹೋದ ಮೇಲೆ, ತಲೆತುಂಬ ಜಡೆಗಟ್ಟಿದ ಕೂದಲಿನ ಒಬ್ಬ ಹುಡುಗ ಈ ಬಿರಡೆ ಕೊಟ್ಟು "ಕಿವಿ ಜೋಪಾನ ಅಜ್ಜಿ" ಎಂದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆದರೂ ಕೊಟ್ಟನಲ್ಲ ಎಂದು ಇಟ್ಟುಕೊಂಡೆ.

ಆ ಹುಡುಗನ ಜೊತೆ, ಅವನ ಬ್ಯಾಂಡಿನ ಜೊತೆ, ಹದಿನೇಳು ದಿನ ಊರೂರು ತಿರುಗಿದ ವಿಷಯ ನಿಮಗೆ ಹೇಳಬೇಕು. ನೀವು ನಂಬುವುದಿಲ್ಲ. ನಮ್ಮ ಬೀದಿಯವರೇ ನಂಬಲಿಲ್ಲ.

ಮೊದಲು ಹೆಸರಿನ ಗೊಂದಲ. ನನ್ನ ಮಗ ನಾಗರಾಜನ ಮಗಳು ರಂಜಿತಾ, ನಮಗೆ ರಂಜಿ. ಒಂದು ದಿನ ಎರಡೂ ಮಗ್ಗ ಓಡುತ್ತಿರುವಾಗ ಶೆಡ್ಡಿಗೆ ಬಂದು, "ಅಪ್ಪಾ, ನನ್ನ ರೆಗ್ಗೆ ಬ್ಯಾಂಡಿಗೆ ಸೇರಿಸ್ಕೊಂಡಿದಾರೆ" ಎಂದು ಕೂಗಿದಳು. ನಾಗರಾಜನಿಗೆ ಕೇಳಿಸಿದ್ದು ರಗ್ಗು. "ರಗ್ಗಿಗೆ ನಮ್ಮ ಮಗ್ಗದ ಅಗಲ ಸಾಲಲ್ಲ ಕಣಮ್ಮ" ಎಂದ. ನನಗೂ ರಗ್ಗೇ ಕೇಳಿಸಿತ್ತು. ಸೀರೆ ವ್ಯಾಪಾರ ಬಿದ್ದಿದೆ, ಮೊಮ್ಮಗಳು ಕಂಬಳಿ ವ್ಯಾಪಾರದ ದಾರಿ ಹುಡುಕಿದ್ದಾಳೆ, ಬುದ್ಧಿವಂತೆ ಎಂದುಕೊಂಡೆ. ಎರಡು ದಿನ ಈ ಸಂತೋಷದಲ್ಲೇ ಇದ್ದೆ. ರಾಜಘಟ್ಟದಲ್ಲಿರುವ ನನ್ನ ತಂಗಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟೆ. ಅವಳು "ನಂಗೂ ಎರಡು ತೆಗೆದಿಡೇ, ಚಳಿ ಜಾಸ್ತಿ ಇಲ್ಲಿ" ಎಂದಳು. ಅವಳಿಗೆ ಇವತ್ತಿನವರೆಗೂ ಸರಿಯಾಗಿ ಅರ್ಥವಾಗಿಲ್ಲ. ಸಿಕ್ಕಾಗಲೆಲ್ಲ ರಗ್ಗು ಕೇಳುತ್ತಾಳೆ.

ರೆಗ್ಗೆ ಎಂದರೆ ರಗ್ಗಲ್ಲ, ಯಾವುದೋ ದೂರದ ದ್ವೀಪದ ಕಡೆಯ ಹಾಡಿನ ಬಗೆ ಎಂದು ಗೊತ್ತಾದ ದಿನ ಮನೆಯಲ್ಲಿ ಗಲಾಟೆಯಾಯಿತು. ರಂಜಿ ಡ್ರಮ್ಮು ಬಾರಿಸುತ್ತಾಳೆ ಎನ್ನುವುದು ನಮಗೆ ಹೊಸದಲ್ಲ. ಹೈಸ್ಕೂಲಿನಲ್ಲಿರುವಾಗಲೇ ಮಗ್ಗದ ಶೆಡ್ಡಿನ ಮೂಲೆಯಲ್ಲಿ ಬಣ್ಣದ ಡಬ್ಬ, ಪ್ಲಾಸ್ಟಿಕ್ ಬಕೆಟ್ಟು ಬೋರಲು ಹಾಕಿಕೊಂಡು ಬಡಿಯುತ್ತಿದ್ದಳು. ಬೇರೆ ಯಾರ ಮನೆಯಲ್ಲಾದರೂ ಅಕ್ಕಪಕ್ಕದವರು ಬಂದು ಜಗಳ ಮಾಡುತ್ತಿದ್ದರು. ನಮ್ಮ ಶೆಡ್ಡಿನಲ್ಲಿ ಅವಳ ಸದ್ದು ಅವಳಿಗೇ ಕೇಳಿಸುತ್ತಿರಲಿಲ್ಲ. ಕಾಲೇಜಿನಲ್ಲಿ ನಿಜವಾದ ಡ್ರಮ್ಮು ಸಿಕ್ಕಿತು. ಅದೂ ಆಟ ಎಂದುಕೊಂಡೆವು. ಈಗ ಇದೇ ಕೆಲಸ, ಊರೂರು ತಿರುಗಬೇಕು, ಬ್ಯಾಂಡಿನಲ್ಲಿ ಉಳಿದವರೆಲ್ಲ ಹುಡುಗರು ಎಂದಾಗ ನಾಗರಾಜ ಮಗ್ಗ ನಿಲ್ಲಿಸಿದ. ಹಗಲು ಹೊತ್ತಿನಲ್ಲಿ ಅವನು ಮಗ್ಗ ನಿಲ್ಲಿಸಿದ ಎಂದರೆ ವಿಷಯ ಸಣ್ಣದಲ್ಲ.

ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು. ಬಟ್ಟೆ ಪರೀಕ್ಷೆ ಮಾಡುವ ಕೆಲಸ, ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದು. ಮುಂದಿನ ತಿಂಗಳು ಸೇರಿಕೊಳ್ಳಬೇಕು. ಅಪ್ಪ ಅದನ್ನು ಹಿಡಿದ, ಮಗಳು ಇದನ್ನು ಹಿಡಿದಳು. ಎರಡು ದಿನ ಅವಳು ಉಣ್ಣಲಿಲ್ಲ. ಮೂರನೇ ದಿನ ಇವನೂ ಉಣ್ಣಲಿಲ್ಲ. ಕೊನೆಗೆ ನಾಗರಾಜ, "ಅಮ್ಮ ಜೊತೇಲಿ ಹೋಗ್ಲಿ. ಕಣ್ಣಾರೆ ನೋಡ್ಕೊಂಡು ಬರ್ಲಿ. ಅಮ್ಮ ಹೂಂ ಅಂದ್ರೆ ಹೂಂ. ಉಹೂಂ ಅಂದ್ರೆ ಡ್ರಮ್ಮಿನ ಕಡ್ಡಿ ಒಲೆಗೆ, ನೀನು ಕಾರ್ಖಾನೆಗೆ" ಎಂದ.

ರಂಜಿ ನನ್ನ ಮುಖ ನೋಡಿದಳು. ನನಗೆ ದಾಕ್ಷಿಣ್ಯ ಇಲ್ಲ ಎನ್ನುವುದು ಊರಿಗೇ ಗೊತ್ತು. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ಸೀದಿದೆ ಎಂದು ಹೇಳಿ ಎದ್ದು ಬಂದವಳು ನಾನು. ಹುಡುಗಿ ಒಳ್ಳೆಯವಳೇ ಇದ್ದಳು, ಆಮೇಲೆ ಅವಳೇ ಈ ಮನೆಗೆ ಸೊಸೆಯಾಗಿ ಬಂದಳು. ಉಪ್ಪಿಟ್ಟು ಈಗಲೂ ಸೀಯುತ್ತದೆ.

"ಆಗ್ಲಿ. ಅಜ್ಜಿನೇ ಬರ್ಲಿ" ಎಂದಳು ರಂಜಿ. ಅವಳ ಧೈರ್ಯ ಅಲ್ಲಿಗೆ ನನಗೆ ಸ್ವಲ್ಪ ಹಿಡಿಸಿತು.

ವ್ಯಾನು ಬೆಳಿಗ್ಗೆ ಬಂತು. ಓಡಿಸುವವನು ಹೊಸಕೋಟೆ ಕಡೆಯ ಮುನಿಯಪ್ಪ, ಐವತ್ತು ದಾಟಿದ ಮನುಷ್ಯ. ಹಾಡುವವನು ಸಂತು, ನೆಲಮಂಗಲದವನು, ಬಿರಡೆ ಕೊಟ್ಟ ಹುಡುಗ ಅವನೇ. ಗಿಟಾರು, ಬೇಸು, ಕೀಬೋರ್ಡು ಬಾರಿಸುವ ಇನ್ನು ಮೂವರು. ನನ್ನನ್ನು ಕಂಡೊಡನೆ ಎಲ್ಲರ ಕಣ್ಣೂ ನನ್ನ ಚೀಲದ ಮೇಲೆ. "ಅಜ್ಜಿ, ಮುದ್ದೆ ಮಾಡ್ತೀರಾ?" ಎಂದ ಗಿಟಾರಿನವನು. ಅಜ್ಜಿ ಎಂದರೆ ಒಲೆಯ ಜೊತೆಗೇ ಹುಟ್ಟುತ್ತಾಳೆ ಎಂದು ಈ ಮಕ್ಕಳು ತಿಳಿದಿವೆ. "ಐವತ್ತು ವರ್ಷ ತಿರುವಿದೀನಿ, ಸಾಕು. ಈ ಚೀಲದಲ್ಲಿರೋ ಅವಲಕ್ಕಿ ನಂಗೆ. ನೀವು ಹೋಟ್ಲಲ್ಲಿ ತಿನ್ನಿ" ಎಂದೆ. ಮುನಿಯಪ್ಪ ಕನ್ನಡಿಯಲ್ಲಿ ನೋಡಿ ನಕ್ಕ.

ನಾಗರಾಜ ಹೊರಡುವ ಮುಂಚೆ ನನ್ನ ಕಿವಿಯ ಹತ್ತಿರ ಬಂದು, "ಅಮ್ಮ, ಇವರೆಲ್ಲ ಗಾಂಜಾ ಸೇದ್ತಾರಂತೆ, ನೋಡ್ಕೋ" ಎಂದಿದ್ದ. ಪಿಸುಮಾತು ನನಗೆ ಕೇಳಿಸದು ಎಂದು ಅವನು ಕೂಗಿಯೇ ಹೇಳಿದ್ದರಿಂದ ವ್ಯಾನಿನಲ್ಲಿದ್ದ ಎಲ್ಲರಿಗೂ ಕೇಳಿಸಿತ್ತು. ದಾಬಸ್‌ಪೇಟೆ ದಾಟಿದ ಮೇಲೆ ನಾನು ನೇರವಾಗಿ ಕೇಳಿದೆ: "ಏನೋ ಸಂತು, ಗಾಂಜಾ ಸೇದ್ತೀಯೇನೋ?"

"ಇಲ್ಲ ಅಜ್ಜಿ. ನಂಗೆ ಉಬ್ಬಸ" ಎಂದು ಜೇಬಿನಿಂದ ಬಾಯಿಗೆ ಎಳೆದುಕೊಳ್ಳುವ ಔಷಧದ ಕೊಳವೆ ತೆಗೆದು ತೋರಿಸಿದ. "ಊದುಬತ್ತಿ ಹೊಗೆನೂ ಆಗಲ್ಲ."

ಹದಿನೇಳು ದಿನವೂ ನಾನು ಮೂಗು ತೆರೆದುಕೊಂಡೇ ಇದ್ದೆ. ಗಿಟಾರಿನವನು ಬೀಡಿ ಸೇದುತ್ತಿದ್ದ, ಅದೂ ಕದ್ದು, ನನಗೆ ಹೆದರಿ. ಬೇರೆ ಬ್ಯಾಂಡುಗಳ ವಿಷಯ ನಾನು ಹೇಳಲಾರೆ. ನೋಡದ್ದನ್ನು ಹೇಳುವ ಅಭ್ಯಾಸ ನನಗಿಲ್ಲ.

ಸಂತುವಿನ ಜಡೆಯ ಮಾತು ಬಂತಲ್ಲ. ನಡುಬೆನ್ನಿನವರೆಗೆ ಹಗ್ಗದಂತೆ ಇಳಿಬಿದ್ದಿದ್ದವು, ಲೆಕ್ಕ ಹಾಕಿದರೆ ಐವತ್ತರ ಮೇಲೆ. ಹಿರಿಯೂರು ದಾಟಿ ಒಂದು ಕಡೆ ಟೀ ಕುಡಿಯಲು ನಿಲ್ಲಿಸಿದೆವು. ಮೇಕೆ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು ಅವನನ್ನು ಕಂಡವಳೇ ನಿಂತಳು. ಚಪ್ಪಲಿ ಬಿಟ್ಟಳು. ಹತ್ತಿರ ಬಂದು ಅವನ ಕಾಲಿಗೆ ಬಿದ್ದೇಬಿಟ್ಟಳು. "ಯಾವ ತಾಯಿ ಜಡೆ ಸ್ವಾಮಿ ಇದು?" ಎಂದು ಕೇಳಿದಳು. ನಮ್ಮ ಕಡೆ ತಲೆಯಲ್ಲಿ ತಾನಾಗಿ ಜಡೆ ಕಟ್ಟಿದರೆ ದೇವರು ಮೈಮೇಲೆ ಇದೆ ಎನ್ನುತ್ತಾರೆ, ಕತ್ತರಿಸುವುದಿಲ್ಲ.

ಸಂತುವಿನ ಕೈಯಲ್ಲಿ ಬಿಸ್ಕತ್ತು. ತಿನ್ನಲೂ ಆಗದು, ಬಿಸಾಡಲೂ ಆಗದು. ನನ್ನ ಕಡೆ ನೋಡಿದ.

"ದೇವರಲ್ಲ ಕಣಮ್ಮ, ನಮ್ಮ ಹುಡುಗ. ತಲೆ ಬಾಚಲ್ಲ, ಅಷ್ಟೇ" ಎಂದೆ.

ಅವಳು ಎದ್ದು ನನ್ನನ್ನೇ ಗದರಿಸಿದಳು. "ಹಂಗನ್ಬೇಡ ಕಣಜ್ಜಿ, ನಾಲಗೆ ಬಿದ್ದೋಗುತ್ತೆ. ನಿಂಗೇನ್ ಗೊತ್ತು? ಸ್ವಾಮಿ, ಈ ಮೇಕೆ ಎರಡು ದಿನದಿಂದ ಮೇವು ಮುಟ್ಟಿಲ್ಲ, ಒಂದ್ಸಲ ಕೈ ಇಡಿ."

ಸಂತು ಕೈ ಇಟ್ಟ. ಮೇಕೆ ಅವನ ಇನ್ನೊಂದು ಕೈಯಲ್ಲಿದ್ದ ಬಿಸ್ಕತ್ತನ್ನು ತಿಂದುಬಿಟ್ಟಿತು. ಆ ಹೆಂಗಸಿಗೆ ಇನ್ನೇನು ಬೇಕು? ಕಣ್ಣಲ್ಲಿ ನೀರು. ವ್ಯಾನು ಹೊರಟ ಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಸಂತು ಒಬ್ಬನನ್ನು ಬಿಟ್ಟು. ಅವನು ಕಿಟಕಿಯಿಂದ ಈಚೆ ತಿರುಗಿ, "ನಂಗೆ ನಾಚಿಕೆ ಆಯ್ತು ಅಜ್ಜಿ. ಅವಳು ನಂಬಿದ್ಲಲ್ಲ" ಎಂದ. "ಮೇಕೆ ತಿಂತಲ್ಲ, ಬಿಡು" ಎಂದೆ. ಆಮೇಲೆ ಗೋವಾದಲ್ಲಿ ಅವನು ತಲೆಸ್ನಾನ ಮಾಡಿದ ದಿನ ಆ ಜಡೆಗಳನ್ನು ನಾನೇ ಹಿಂಡಿಕೊಟ್ಟೆ. ಬಣ್ಣ ಹಾಕಿದ ನೂಲಿನ ಲಡಿ ಹಿಂಡಿದ ಹಾಗೆಯೇ, ಎರಡು ತುದಿ ಹಿಡಿದು ತಿರುಚಬೇಕು. ಒಣಗಲು ಅರ್ಧ ದಿನ ಬೇಕಾಯಿತು. ಬಾಚುವುದಿಲ್ಲ ಎಂದಿದ್ದೆನಲ್ಲ, ಬಾಚಿದರೇ ಕಡಿಮೆ ಕೆಲಸ.

ಮೊದಲ ಕಾರ್ಯಕ್ರಮ ಹುಬ್ಬಳ್ಳಿಯಲ್ಲಿ. ಮಧ್ಯಾಹ್ನವೇ ಹೋಗಿ ವೈರು ಎಳೆದು, ಪೆಟ್ಟಿಗೆ ಜೋಡಿಸಿ, ಸದ್ದು ಸರಿಯಿದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ನಾನು ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ರಂಜಿ ಡ್ರಮ್ಮಿನ ಹಿಂದೆ ಕೂತಳು. ಅಷ್ಟು ದೊಡ್ಡ ಸಾಮಾನಿನ ಹಿಂದೆ ಅವಳ ತಲೆ ಮಾತ್ರ ಕಾಣುತ್ತಿತ್ತು. ಶುರು ಮಾಡಿದರು. ಎರಡು ಸುತ್ತು ಕೇಳಿದೆ. ಮೂರನೆಯದಕ್ಕೆ ತಡೆಯಲಾಗಲಿಲ್ಲ. ಎದ್ದು ನಿಂತು ಕೈ ಎತ್ತಿ ಕೂಗಿದೆ: "ಲೇ ರಂಜಿ, ನಿಲ್ಸೇ! ಏಟು ತಪ್ತಿದೆ! ಎಳೆ ಕಿತ್ತೋಗಿದೆ ನೋಡು!"

ಎಲ್ಲರೂ ನಿಲ್ಲಿಸಿದರು. ರಂಜಿ ಮುಖ ಮುಚ್ಚಿಕೊಂಡಳು.

ಮಗ್ಗದ ಮನೆಯವರಿಗೆ ಇದು ಅರ್ಥವಾಗುತ್ತದೆ. ಅಡುಗೆಮನೆಯಲ್ಲಿ ಇರಲಿ, ಹಿತ್ತಲಲ್ಲಿ ಇರಲಿ, ಮಗ್ಗದ ಸದ್ದು ನಮ್ಮ ಕಿವಿಯ ಹಿಂದೆ ಓಡುತ್ತಲೇ ಇರುತ್ತದೆ. ಎಲ್ಲಾದರೂ ಒಂದು ಏಟು ತಪ್ಪಿದರೆ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತೇವೆ. ಎಳೆ ಕಿತ್ತಿದ್ದರೆ ಕಟ್ಟಬೇಕು, ತಡವಾದರೆ ಬಟ್ಟೆ ಕೆಡುತ್ತದೆ. ನಾನು ತೊಟ್ಟಿಲಲ್ಲಿದ್ದಾಗಲೂ ಅಷ್ಟೇ, ನನ್ನ ಮಕ್ಕಳು ತೊಟ್ಟಿಲಲ್ಲಿದ್ದಾಗಲೂ ಅಷ್ಟೇ, ಸದ್ದಿಗೆ ಮಕ್ಕಳು ಏಳುತ್ತಿರಲಿಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ಬೀದಿಯ ಕೂಸುಗಳೆಲ್ಲ ಒಟ್ಟಿಗೆ ಎದ್ದು ಅಳುತ್ತಿದ್ದವು.

ಸಂತು ಕೆಳಗಿಳಿದು ಬಂದು ನನ್ನ ಪಕ್ಕ ಕೂತ. ಬೈಯಲಿಲ್ಲ, ನಗಲೂ ಇಲ್ಲ. "ಅಜ್ಜಿ, ಒಂದು ಎರಡು ಮೂರು ನಾಲ್ಕು ಅಂತ ಎಣಿಸಿ. ಬೇರೆ ಹಾಡಲ್ಲೆಲ್ಲ ಒಂದರ ಮೇಲೆ ಗಟ್ಟಿಯಾಗಿ ಹೊಡೀತಾರೆ. ನಮ್ಮಲ್ಲಿ ಒಂದನ್ನ ಬಿಟ್ಬಿಡ್ತೀವಿ. ಮೂರಕ್ಕೆ ಹೊಡೀತೀವಿ."

"ಬೇಕಂತಲೇ ಬಿಡೋದಾ?"

"ಬೇಕಂತಲೇ."

"ಯಾಕೆ?"

"ಕೇಳೋರು ಅದನ್ನ ಮನಸ್ಸಲ್ಲೇ ಹೊಡ್ಕೋತಾರೆ ಅಜ್ಜಿ. ಅದಕ್ಕೇ ಮೈ ತೂಗುತ್ತೆ."

"ಮಗ್ಗದಲ್ಲಿ ಹಂಗೆ ಬಿಟ್ರೆ ಸೀರೆ ತೂತು ಬೀಳುತ್ತೆ ಕಣೋ."

"ನಮ್ಮದು ತೂತಿನ ಸೀರೆನೇ ಅಜ್ಜಿ" ಎಂದ.

ನನಗೆ ಆ ಹಾಡುಗಳು ಹಿಡಿಸಿದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧ ಇಂಗ್ಲಿಷು, ತಿಳಿಯದು. ಕನ್ನಡದ್ದು ನಾಲ್ಕಿದ್ದವು, ಬಾರದ ಬಸ್ಸಿಗೆ ಕಾಯುವವನ ಮೇಲೆ ಒಂದು. ಅದು ಪರವಾಗಿಲ್ಲ, ಬಸ್ಸಿಗೆ ಕಾದವಳು ನಾನೂ. ಆದರೆ ಆ ಬಿಟ್ಟ ಏಟು ನನ್ನನ್ನು ಕಾಡಿತು. ಪ್ರತಿ ಸಲ ಅದು ಬರುವ ಜಾಗದಲ್ಲಿ ನನ್ನ ಕಾಲು ತಾನೇ ನೆಲ ಒತ್ತುತ್ತಿತ್ತು.

ನನಗೂ ಒಂದು ಕೆಲಸ ಸಿಕ್ಕಿತು. ನನ್ನ ಕಿವಿಗೆ ತೆಳು ಸದ್ದು ಬೀಳುವುದಿಲ್ಲ. ಬೇಸಿನ ದಪ್ಪ ಸದ್ದು, ಡ್ರಮ್ಮು ಮಾತ್ರ ಕೇಳಿಸುತ್ತವೆ. ಸದ್ದು ಪರೀಕ್ಷೆ ಮಾಡುವಾಗ ನನ್ನನ್ನು ಕಟ್ಟಕಡೆಯ ಸಾಲಿನಲ್ಲಿ ಕೂರಿಸುತ್ತಿದ್ದರು. ಸಂತು ಮೈಕಿನಲ್ಲಿ "ಅಜ್ಜಿ, ಬಂತಾ?" ಎಂದು ಕೇಳುವನು. ಎದೆಗೆ ಬಂದು ಬಡಿದರೆ ಕೈ ಎತ್ತುವೆ, ಬರದಿದ್ದರೆ ಇಲ್ಲ. ನಾನು ಕೈ ಎತ್ತುವವರೆಗೂ ತಿರುಪು ತಿರುಗಿಸುತ್ತಲೇ ಇರುತ್ತಿದ್ದರು. ಕಿವುಡಿಯಾದದ್ದಕ್ಕೆ ಮರ್ಯಾದೆ ಸಿಕ್ಕಿದ್ದು ಜೀವಮಾನದಲ್ಲಿ ಅದೇ ಮೊದಲು.

ಬ್ಯಾಂಡಿನವರ ಜೀವನ ಕುಣಿದಾಟ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಕಾರ್ಯಕ್ರಮ ಒಂದೂವರೆ ಗಂಟೆ. ಉಳಿದದ್ದೆಲ್ಲ ರಸ್ತೆ, ಮತ್ತು ಕಕ್ಕಸು ಹುಡುಕುವುದು. ಅದನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಗಂಡಸರಿಗೇನು, ಮರ ಕಂಡರೆ ಸಾಕು. ನಾನೂ ರಂಜಿಯೂ ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದಕ್ಕೆ ಜೀವ ಹಿಡಿದುಕೊಂಡು ಹೋಗುತ್ತಿದ್ದೆವು. ನಾವು ಬಾಯಿಬಿಟ್ಟು ಕೇಳುವ ಮುಂಚೆಯೇ ಮುನಿಯಪ್ಪ ತಾನೇ ಒಳ್ಳೆಯ ಜಾಗ ನೋಡಿ ನಿಲ್ಲಿಸಿ, "ಟಯರು ನೋಡ್ತೀನಿ ಅಮ್ಮಾ, ಹತ್ತು ನಿಮಿಷ" ಎನ್ನುತ್ತಿದ್ದ. ಅವನ ಟಯರಿಗೆ ಏನೂ ಆಗಿರುತ್ತಿರಲಿಲ್ಲ. ಮನೆಯಲ್ಲಿ ಹೆಣ್ಣುಮಕ್ಕಳಿರುವ ಮನುಷ್ಯ.

ಇನ್ನೊಂದು ವಿಚಿತ್ರ. ಐದು ಜನ ಹಾಡುವವರು, ಬಾರಿಸುವವರು, ವ್ಯಾನಿನೊಳಗೆ ಒಂದು ಹಾಡಿಲ್ಲ. ಎಲ್ಲರೂ ಕಿವಿಗೆ ಏನೋ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಮೊದಲು ಜಗಳವೇನೋ ಎಂದುಕೊಂಡೆ. ಆಮೇಲೆ ಹೊಳೆಯಿತು, ಇಡೀ ದಿನ ನೇಯ್ದವನೂ ಊಟಕ್ಕೆ ಕೂತಾಗ ಮಾತಾಡುವುದಿಲ್ಲ.

ಪುಣೆಯ ದಾರಿಯಲ್ಲಿ ರಂಜಿ ಎಳನೀರು ತಂದುಕೊಟ್ಟಳು. ಪಕ್ಕದಲ್ಲಿ ಕೂತಳು.

"ಅಜ್ಜಿ."

"ಲಂಚಾನಾ?"

"ಥೂ, ಅಲ್ಲ. ಅಪ್ಪಂಗೆ ಏನ್ ಹೇಳ್ತೀಯ?"

"ನೋಡಿದ್ದು ಹೇಳ್ತೀನಿ."

"ಏನ್ ನೋಡಿದೀಯ ಇಲ್ಲೀವರ್ಗೂ?"

"ಇಲ್ಲೀವರ್ಗೂ ರಸ್ತೆ ನೋಡಿದೀನಿ."

ಅವಳು ಬೆರಳುಗಳಿಗೆ ಬಿಳಿ ಪಟ್ಟಿ ಸುತ್ತಿಕೊಂಡಿದ್ದಳು, ಗುಳ್ಳೆ ಒಡೆದಿತ್ತು. ಕನಿಕರ ಹುಟ್ಟಲಿ ಎಂದು ತೋರಿಸಲಿಲ್ಲ, ಮುಚ್ಚಿಡಲೂ ಇಲ್ಲ. "ಕಾರ್ಖಾನೆ ಕೆಲಸ ಕೆಟ್ಟದ್ದು ಅಂತಲ್ಲ ಅಜ್ಜಿ. ಅಲ್ಲಿ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕ್ಬೇಕು. ನಂಗೆ ನನ್ನ ತಪ್ಪೇ ಹುಡುಕಿ ಮುಗ್ದಿಲ್ಲ" ಎಂದಳು. ನಾನು ಎಳನೀರು ಕುಡಿದೆ.

ಪುಣೆಯಲ್ಲಿ ಜನ ಜಾಸ್ತಿ, ಕುಡಿದವರೂ ಜಾಸ್ತಿ. ಅವರಿಗೆ ಕುಣಿಯಬೇಕಿತ್ತು. ಮೂರನೇ ಹಾಡಿಗೆ "ಫಾಸ್ಟ್! ಫಾಸ್ಟ್!" ಎಂದು ಕೂಗಲು ಶುರು ಮಾಡಿದರು. ಚಪ್ಪಾಳೆ ಹೊಡೆದು ತಾವೇ ವೇಗ ಹೆಚ್ಚಿಸಿದರು. ಗಿಟಾರಿನವನ ಕೈ ಚಪ್ಪಾಳೆಯ ಹಿಂದೆ ಓಡಿತು. ಸಂತು ಕೂಡ ಬೆನ್ನ ಹಿಂದೆ ಕೈ ಬೀಸಿ, ಹೆಚ್ಚು ಮಾಡು ಎಂದು ಸನ್ನೆ ಮಾಡಿದ. ರಂಜಿ ನೋಡಲಿಲ್ಲ. ನೋಡಲಿಲ್ಲ ಎಂದರೆ ನೋಡಿದಳು, ಲೆಕ್ಕಕ್ಕಿಡಲಿಲ್ಲ. ಬಿಡುವ ಏಟನ್ನು ಬಿಡುತ್ತ, ಹೊಡೆಯುವ ಏಟನ್ನು ಹೊಡೆಯುತ್ತ, ಮೊದಲು ಎಷ್ಟಿತ್ತೋ ಅಷ್ಟೇ. ಸಾವಿರ ಕೈ ಒಂದು ಕಡೆ, ಅವಳ ಎರಡು ಕೈ ಒಂದು ಕಡೆ. ಸ್ವಲ್ಪ ಹೊತ್ತು ಎರಡೂ ಜಗ್ಗಾಡಿದವು. ಆಮೇಲೆ ಗಿಟಾರು ವಾಪಸು ಬಂತು. ಚಪ್ಪಾಳೆಯೂ ಒಂದೊಂದಾಗಿ ಸೋತು ಅವಳ ಏಟಿಗೆ ಬಂದು ಕೂತಿತು. ಆಗ ನೋಡಬೇಕಿತ್ತು, ಆ ಜನ ಕುಣಿಯುವುದು ಬಿಟ್ಟು ತೂಗಲು ಶುರು ಮಾಡಿದರು. ನಾನು ಆ ಹೊತ್ತಿಗೆ ಬಿರಡೆ ತೆಗೆದಿದ್ದೆ. ಯಾವಾಗ ತೆಗೆದೆನೋ ಗೊತ್ತಿಲ್ಲ.

ಅಲ್ಲಿಂದ ಹೈದರಾಬಾದು, ಅಲ್ಲಿಂದ ಕೊನೆಯ ಕಾರ್ಯಕ್ರಮಕ್ಕೆ ದೇವನಹಳ್ಳಿ. ದ್ರಾಕ್ಷಿ ತೋಟದ ಪಕ್ಕದ ಬಯಲು, ನಾಲ್ಕು ಗಂಟೆಯ ಬಿಸಿಲು. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು. ಒಂದೊಂದು ವಿಮಾನಕ್ಕೂ ಸಂತು ಹಾಡು ನಿಲ್ಲಿಸಿ ಕೈ ಮುಗಿಯುತ್ತಿದ್ದ, ಜನ ನಗುತ್ತಿದ್ದರು. ನಮ್ಮನ್ನು ಕರೆದೊಯ್ಯಲು ನಾಗರಾಜ ಕಾರು ತಂದಿದ್ದ. ಬೇಗ ಬಂದುಬಿಟ್ಟಿದ್ದ. ಕುರ್ಚಿ ಕೊಟ್ಟರೂ ಕೂರಲಿಲ್ಲ. ವೇದಿಕೆಯ ನೇರ ಎದುರಿಗೆ, ಹತ್ತು ಮಾರು ದೂರದಲ್ಲಿ, ಕೈ ಕಟ್ಟಿ ನಿಂತ. ಕೊಳ್ಳುವವನು ಸೀರೆ ಬಿಡಿಸಿ ಬೆಳಕಿಗೆ ಹಿಡಿದು ನೋಡುವಾಗ ನಾವು ಎದುರಿಗೆ ನಿಲ್ಲುತ್ತೇವಲ್ಲ, ಇವತ್ತು ಇವನು ಕೊಳ್ಳುವವನ ಹಾಗೆ ನಿಂತಿದ್ದ.

ರಂಜಿ ಅವನನ್ನು ಕಂಡಳು.

ಮೊದಲ ಹಾಡು ಸರಿಯಾಗಿಯೇ ಹೋಯಿತು. ಎರಡನೆಯದರಲ್ಲಿ ಓಡಿದಳು, ಕೈ ತಾಳಕ್ಕಿಂತ ಮುಂದೆ ಹೋಯಿತು. ಜನಕ್ಕೆ ಗೊತ್ತಾಗಲಿಲ್ಲ, ಸಂತುವಿಗೂ ಗೊತ್ತಾಯಿತೋ ಇಲ್ಲವೋ. ನನ್ನ ಕಾಲಿಗೆ ಗೊತ್ತಾಯಿತು. ನೆಲ ಒತ್ತುವಷ್ಟರಲ್ಲಿ ಮುಂದಿನದು ಬಂದಿರುತ್ತಿತ್ತು. ಸಾವಿರ ಜನ ಎಳೆದರೂ ಅಲುಗದವಳು, ಅಪ್ಪ ಒಬ್ಬ ಸುಮ್ಮನೆ ನಿಂತದ್ದಕ್ಕೆ ಓಡಿದಳು. ತಪ್ಪು ಬಂದದ್ದೂ ಮುಖ್ಯವಾದ ದಿನವೇ.

ಸಾಮಾನು ವ್ಯಾನಿಗೆ ಹೋಯಿತು. ಮುನಿಯಪ್ಪ ಕೈ ಮುಗಿದ, ಸಂತು ಕಾಲಿಗೆ ಬಿದ್ದ, ಜಡೆ ನನ್ನ ಸೀರೆಗೆ ಸಿಕ್ಕಿಕೊಂಡಿತು, ಬಿಡಿಸಿದೆ. ನಾವು ಮೂವರು ಕಾರು ಹತ್ತಿದೆವು. ನಾನು ಮುಂದೆ, ಅವಳು ಹಿಂದೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ದೊಡ್ಡಬಳ್ಳಾಪುರದ ರಸ್ತೆಗೆ ತಿರುಗಿದ ಮೇಲೆ ನಾಗರಾಜ ಕೇಳಿದ: "ಹೇಳಮ್ಮ."

"ಏನ್ ಹೇಳ್ಲಿ?"

"ಹೋಗೋ ಮುಂಚೆ ಆದ ಮಾತು."

ಹಿಂದೆ ರಂಜಿ ಕಿಟಕಿಯ ಗಾಜು ಏರಿಸಿದಳು.

ಸುಳ್ಳು ಹೇಳಬಹುದಿತ್ತು. ಚೆನ್ನಾಗಿತ್ತು ಕಣೋ ಎಂದರೆ ಮುಗಿಯುತ್ತಿತ್ತು. ಆದರೆ ಅವನೂ ನೇಕಾರ, ಅವನ ಕಿವಿಯೂ ನನ್ನ ಕಿವಿಯೇ. ನಾನು ಇದೊಂದು ಸುಳ್ಳು ಹೇಳಿದರೆ ಉಳಿದ ಹದಿನಾರು ದಿನದ ನಿಜವೂ ಹೋಗುತ್ತದೆ.

"ಇವತ್ತು ಚೆನ್ನಾಗಿ ಬಾರಿಸ್ಲಿಲ್ಲ" ಎಂದೆ. "ಓಡಿದ್ಲು."

"ಅಜ್ಜೀ..." ಎಂದಳು ರಂಜಿ. ಅಷ್ಟೇ.

"ನಿನ್ನ ನೋಡಿ ಓಡಿದ್ಲು. ಪುಣೇಲಿ ಊರೆಲ್ಲ ಕೂಗಿದ್ರೂ ಓಡ್ಲಿಲ್ಲ. ಅದನ್ನೂ ನೋಡಿದೀನಿ, ಇದನ್ನೂ ನೋಡಿದೀನಿ. ಎರಡೂ ಹೇಳ್ತಿದೀನಿ."

ಆಗ ನಾನು ನಾಗರಾಜನಿಗೆ ಯಾವತ್ತೂ ಹೇಳದ ಒಂದು ವಿಷಯ ಹೇಳಿದೆ. ಅವನು ಹುಟ್ಟುವ ಮುಂಚಿನದು. ಅವನಪ್ಪ ಕಾಮಾಲೆಯಾಗಿ ಮಲಗಿದ್ದರು, ಮಗ್ಗದ ಮೇಲೆ ಅರ್ಧ ಸೀರೆ ನಿಂತಿತ್ತು. ನಮ್ಮ ಮನೆಯಲ್ಲಿ ಹೆಂಗಸರು ಮಗ್ಗಕ್ಕೆ ಕೂರುತ್ತಿರಲಿಲ್ಲ. ಬೇರೆ ದಾರಿಯಿಲ್ಲದೆ ಅತ್ತೆ ನನ್ನನ್ನು ಕೂರಿಸಿದರು. ನನಗೆ ಎಲ್ಲ ಗೊತ್ತಿತ್ತು, ನೋಡಿ ನೋಡಿ ಕಲಿತಿದ್ದೆ. ಕೂತೆ. ಲಾಳಿ ಎಸೆದೆ. ಅಯ್ಯೋ, ಎಷ್ಟು ಖುಷಿಯಾಯಿತು ಎಂದರೆ ಕೈ ಓಡಿತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಅವರಿಗೆ ತೋರಿಸಬೇಕು ಎಂದು ಇನ್ನೂ ಓಡಿತು. ಸೀರೆ ಇಳಿಸಿದಾಗ ಅವನಪ್ಪ ನೇಯ್ದ ಅರ್ಧ ಒಂದು ಥರ, ನಾನು ನೇಯ್ದ ಅರ್ಧ ಬಿಗಿ, ಸಡಿಲ, ಬಿಗಿ, ಸಡಿಲ. ಮೈಮೇಲೆ ಬರೆ ಎಳೆದ ಹಾಗೆ. ಯಾರೂ ಬೈಯಲಿಲ್ಲ. ಕೆಟ್ಟದಾಗಿ ನೇಯ್ದಿದ್ದೆ, ಅದರಲ್ಲಿ ಎರಡು ಮಾತಿಲ್ಲ. ಮಾರನೇ ದಿನ ಕಂಡಿಕೆ ಸುತ್ತಲು ಕೂತೆ. ಇನ್ನೊಂದು ಸೀರೆ ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಕಲಿಯುತ್ತಿದ್ದೆನೋ, ಕೆಡಿಸುತ್ತಲೇ ಇರುತ್ತಿದ್ದೆನೋ, ಹೇಗೆ ಗೊತ್ತಾಗಬೇಕು?

"ಅಷ್ಟೇ. ಹೂಂ, ಉಹೂಂ ಎಲ್ಲ ನೀನೇ ನೋಡ್ಕೋ" ಎಂದೆ.

ಕಾರು ಎರಡು ಊರು ದಾಟಿತು. ನಾಗರಾಜ ಕೆಮ್ಮಿದ. "ಎರಡನೇ ಹಾಡಲ್ಲಿ ತಾನೆ?" ಎಂದ.

"ಎರಡನೇದ್ರಲ್ಲಿ ನಾನು ಓಡ್ಲೇ ಇಲ್ಲ!" ರಂಜಿ ಹಿಂದಿನಿಂದ ಸಿಡಿದಳು. ಅಳುತ್ತಿದ್ದಳು, ಅಳುತ್ತಲೇ ಜಗಳಕ್ಕೆ ಬಂದಳು. "ಸ್ವಲ್ಪ ಮುಂದೆ ಇದ್ದೆ ಅಷ್ಟೇ."

"ಮುಂದೆ ಇದ್ರೆ ಅದೇ ಓಡೋದು."

"ಅಪ್ಪಾ, ನಿಂಗೆ ರೆಗ್ಗೆ ಗೊತ್ತಿಲ್ಲ."

"ರಗ್ಗು ಗೊತ್ತಿಲ್ಲಮ್ಮ. ಏಟು ಗೊತ್ತು. ಇರು ಇಲ್ಲಿ."

ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿದ. ಎರಡೂ ಕೈಯಿಂದ ಸ್ಟೇರಿಂಗಿನ ಮೇಲೆ ಬಡಿದು ತೋರಿಸಿದ. ಒಂದನ್ನು ಬಿಟ್ಟ, ಮೂರಕ್ಕೆ ಹೊಡೆದ. ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೂವರೆ ಗಂಟೆ ಕೈ ಕಟ್ಟಿಕೊಂಡು ನಿಂತವನು ಪ್ರತಿ ಏಟನ್ನೂ ಎಣಿಸಿದ್ದ. "ಹಿಂಗಿತ್ತು. ಆ ಬಸ್ಸಿನ ಮಾತು ಬಂತಲ್ಲ, ಅಲ್ಲಿಂದ ಹಿಂಗಾಯ್ತು. ಕೇಳಿಸ್ತಾ?"

ರಂಜಿ ಮುಂದಕ್ಕೆ ಬಾಗಿ ಅವನ ಕೈ ನೋಡುತ್ತಿದ್ದಳು. ಮೂಗು ಒರೆಸಿಕೊಂಡಳು. "ಇನ್ನೊಂದ್ಸಲ ಮಾಡು" ಎಂದಳು. ಅವನು ಮಾಡಿದ. "ಹೂಂ... ಅಲ್ಲಿ" ಎಂದಳು, ಸಣ್ಣ ದನಿಯಲ್ಲಿ.

"ಅಲ್ಲೇ. ಆ ಜಾಗದಲ್ಲಿ ಒಂದು ಉಸಿರು ಹಿಡಿ, ಆಮೇಲೆ ಹೊಡಿ. ಎದುರಿಗೆ ಯಾರು ನಿಂತಿದಾರೆ ಅಂತ ನೋಡ್ಬೇಡ. ಮುಂದಿನ ಸಲ ಸರಿಯಾಗಿ ಬಾರಿಸು."

ಹಾಗೆಂದು ಗೇರು ಹಾಕಿ ಕಾರು ಹೊರಡಿಸಿದ.

ಮುಂದಿನ ಸಲ ಎಂದಿದ್ದ. ತಾನು ಏನು ಹೇಳಿದೆ ಎಂದು ಅವನಿಗೆ ಗೊತ್ತಾಗಿರಲಿಲ್ಲ, ಇನ್ನೂ ಬೆರಳಲ್ಲಿ ಏನೋ ಎಣಿಸುತ್ತಿದ್ದ. ರಂಜಿಗೆ ಗೊತ್ತಾಯಿತು. ಬಾಯಿ ತೆರೆದಳು. ನಾನು ಸೀಟಿನ ಸಂದಿಯಲ್ಲಿ ಹಿಂದಕ್ಕೆ ಕೈ ಹಾಕಿ ಅವಳ ಮೊಣಕಾಲನ್ನು ಗಟ್ಟಿಯಾಗಿ ಚಿವುಟಿದೆ.

"ಹೂಂ ಅಪ್ಪಾ" ಎಂದಳು.